ಮೂರು ಕಿಲೋಗೆ ಕೈತಪ್ಪುವ ಕ್ಲೇಮು

ಈ ಅಂಕಣಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಬೊಜ್ಜಿನ ಆಪರೇಷನ್ ಆಯಿತು, ದುಡ್ಡು ನಾವೇ ಕಟ್ಟಿದ್ದೇವೆ. ಈಗ ವಿಮೆ ಕಂಪನಿಯಿಂದ ವಾಪಸು ಬರುತ್ತಾ?" ಕೇಳುವವರ ದನಿಯಲ್ಲಿ ಅರ್ಧ ಆಸೆ, ಅರ್ಧ ಅಳುಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಬಿಲ್ಲಿನ ಮಾತನ್ನು ಇಷ್ಟು ತಗ್ಗಿದ ದನಿಯಲ್ಲಿ ಆಡುವುದಿಲ್ಲ. ತೂಕದ ವಿಷಯಕ್ಕೆ ಬಂದಾಗ ಮಾತ್ರ, "ತಿಂದದ್ದು ನೀನು, ಕರಗಿಸೋಕೆ ಕಂಪನಿ ಯಾಕೆ ಕೊಡುತ್ತೆ?" ಎಂದು ಮನೆಯವರೇ ಮೊದಲು ಅಂದಿರುತ್ತಾರೆ.

ಇಂಥ ಹಲವರ ಕಥೆಯನ್ನು ಸೇರಿಸಿ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳೋಣ. ಹಾಸನದ ಕಡೆಯ ಖಾಸಗಿ ಶಾಲೆಯ ಟೀಚರು ಅನ್ನೋಣ. ವಯಸ್ಸು 42, ಎತ್ತರ 160 ಸೆಂಟಿಮೀಟರ್, ಆರು ವರ್ಷದಿಂದ ತಪ್ಪದೆ ಪ್ರೀಮಿಯಂ ಕಟ್ಟಿದ ಪಾಲಿಸಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ಸಲ ತಕ್ಕಡಿ ಹತ್ತಿದ ದಿನ 104 ಕೆ.ಜಿ. ಆಪರೇಷನ್ನಿಗೆ ಎರಡು ವಾರ ಮುಂಚೆ ಅವರಿಗೆ ಅನ್ನ, ಮುದ್ದೆ ಬಿಡಿಸಿ ಕಡಿಮೆ ಕ್ಯಾಲೊರಿಯ ಪಥ್ಯಕ್ಕೆ ಹಾಕಿದರು. ಬೊಜ್ಜಿದ್ದವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಊದಿಕೊಂಡು ಜಠರದ ಮೇಲೆ ಕವಿದಿರುತ್ತದೆ. ಪಥ್ಯದಿಂದ ಅದು ಕುಗ್ಗಿದರೆ ಲ್ಯಾಪರೊಸ್ಕೋಪ್‌ಗೆ ದಾರಿ ಸಲೀಸಾಗುತ್ತದೆ. ಪಥ್ಯ ಫಲಿಸಿತು. ಅಡ್ಮಿಟ್ ಆದ ದಿನ ತೂಕ 101. ಡಿಸ್ಚಾರ್ಜ್ ಸಮ್ಮರಿಯಲ್ಲಿ ಉಳಿದದ್ದು ಅದೊಂದೇ ಅಂಕಿ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ಟೀಚರಿಗೆ 104ಕ್ಕೆ ಅದು 40.6, 101ಕ್ಕೆ 39.45. ಗೆರೆ ಇರುವುದು 40ರಲ್ಲಿ. "ಬಿಎಂಐ 40ಕ್ಕಿಂತ ಕಡಿಮೆ, ಪಾಲಿಸಿಯಲ್ಲಿ ಹೇಳಿದ ಜೊತೆ ಕಾಯಿಲೆಗಳ ದಾಖಲೆ ಇಲ್ಲ" ಎಂದು ಕಂಪನಿ ಪತ್ರ ಕಳಿಸಿತು. ಇಳಿಸಿಕೊಂಡು ಬನ್ನಿ ಎಂದದ್ದು ಆಸ್ಪತ್ರೆ, ಇಳಿದದ್ದಕ್ಕೇ ಕೊಡುವುದಿಲ್ಲ ಎಂದದ್ದು ಕಂಪನಿ.

ಈ 40 ಎಲ್ಲಿಂದ ಬಂತು?

ಮೊದಲೆಲ್ಲ ಬಹುತೇಕ ಪಾಲಿಸಿಗಳಲ್ಲಿ ಬೊಜ್ಜಿನ ಚಿಕಿತ್ಸೆ ಎಂದರೆ ಪೂರಾ ಹೊರಗೆ. ಸೌಂದರ್ಯ ಚಿಕಿತ್ಸೆಯ ಸಾಲಿನಲ್ಲೇ ಅದನ್ನೂ ನಿಲ್ಲಿಸಿ ಒಂದೇ ವಾಕ್ಯದಲ್ಲಿ ಕೈತೊಳೆದುಕೊಳ್ಳುತ್ತಿದ್ದರು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರ ಸೆಪ್ಟೆಂಬರ್‌ನಲ್ಲಿ, ಯಾವುದನ್ನು ಎಷ್ಟರ ಮಟ್ಟಿಗೆ ಹೊರಗಿಡಬಹುದು ಎಂದು ಎಲ್ಲ ಕಂಪನಿಗಳಿಗೂ ಒಂದೇ ಭಾಷೆಯ ನಿಯಮ ಬರೆಯಿತು. ಪಾಲಿಸಿ ಪುಸ್ತಕದಲ್ಲಿ 'ಎಕ್ಸ್‌ಕ್ಲ್ 06' ಎಂಬ ಸಂಕೇತದ ಎದುರಿಗೆ ಇರುವುದು ಬೊಜ್ಜಿನ ಷರತ್ತು. ಹೊಸ ಪಾಲಿಸಿಗಳಿಗೆ ಅದು 2019ರ ಅಕ್ಟೋಬರ್ 1ರಿಂದ ಜಾರಿಯಾಯಿತು, ಹಳೆಯವಕ್ಕೆ ಮರುವರ್ಷದಿಂದ. ನಾಲ್ಕು ಮಾತು ಈಡೇರದಿದ್ದರೆ ಖರ್ಚು ಕೊಡುವುದಿಲ್ಲ ಎಂಬುದು ಅದರ ಸಾರ. ಶಸ್ತ್ರಚಿಕಿತ್ಸೆ ವೈದ್ಯರ ಸಲಹೆಯಂತೆ ನಡೆದಿರಬೇಕು. ಅದಕ್ಕೆ ವೈದ್ಯಕೀಯ ಶಿಷ್ಟಾಚಾರದ ಬೆಂಬಲ ಇರಬೇಕು. ರೋಗಿಗೆ 18 ತುಂಬಿರಬೇಕು. ನಾಲ್ಕನೆಯದು ಬಿಎಂಐ: 40 ಅಥವಾ ಅದಕ್ಕಿಂತ ಹೆಚ್ಚು. ಇಲ್ಲವೇ 35 ಅಥವಾ ಹೆಚ್ಚಿದ್ದು, ಸುಲಭದ ದಾರಿಗಳಲ್ಲಿ ತೂಕ ಇಳಿಯದೆ, ಜೊತೆಗೆ ನಾಲ್ಕು ಗಂಭೀರ ತೊಂದರೆಗಳಲ್ಲಿ ಒಂದಾದರೂ ಇರಬೇಕು. ಆ ನಾಲ್ಕು ಯಾವುವೆಂದರೆ ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ರೋಗ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ ಮತ್ತು ಹತೋಟಿಗೆ ಬಾರದ ಟೈಪ್ 2 ಮಧುಮೇಹ.

ಷರತ್ತನ್ನು ನಿಧಾನವಾಗಿ ಓದಿದರೆ ಎರಡು ಸಂಗತಿ ಕಾಣುತ್ತವೆ. ನಾಲ್ಕೂ ಈಡೇರಿದ್ದರೆ ಬೊಜ್ಜು ಎಂಬ ಒಂದೇ ಕಾರಣಕ್ಕೆ ಕಂಪನಿ ಬಾಗಿಲು ಹಾಕುವಂತಿಲ್ಲ. ಹಣ ಬರುವುದು ಹಕ್ಕಿನಿಂದ, ಕಂಪನಿಯ ದಯೆಯಿಂದಲ್ಲ. ಎರಡನೆಯದು, ಜನ ತಮ್ಮ ಪಾಲಿಗೆ ದೊಡ್ಡದೆಂದುಕೊಂಡ ತೊಂದರೆಗಳು ಆ ಪಟ್ಟಿಯಲ್ಲಿಲ್ಲ. ಮಂಡಿನೋವಿಲ್ಲ, ಪಿಸಿಒಎಸ್ ಇಲ್ಲ, ಫ್ಯಾಟಿ ಲಿವರ್ ಇಲ್ಲ, ಬಿ.ಪಿ.ಯೂ ಇಲ್ಲ. "ಮೆಟ್ಟಿಲು ಹತ್ತೋಕಾಗ್ತಿರಲಿಲ್ಲ ಸಾರ್" ಎಂಬುದು ನಿಜವಾದ ಸಂಕಟ. ಆದರೆ ಬಿಎಂಐ 37 ಇರುವವರ ಕ್ಲೇಮಿನಲ್ಲಿ ಆ ವಾಕ್ಯಕ್ಕೆ ಜಾಗವಿಲ್ಲ.

ಟೀಚರ ಯಜಮಾನರನ್ನು ಕೇಳಿದರೆ ಇನ್ನೊಂದು ವಿಷಯ ಹೊರಬರುತ್ತದೆ. ಟೀಚರ ಗೊರಕೆಗೆ ಇಡೀ ಮನೆ ಎಚ್ಚರವಾಗಿರುತ್ತಿತ್ತು, ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಿದ್ದರು. ಆಪರೇಷನ್ನಿಗೆ ಮೊದಲು ಒಂದು ರಾತ್ರಿ ನಿದ್ರೆಯ ಪರೀಕ್ಷೆ ಮಾಡಿಸಿದ್ದರೆ, ಅದರಲ್ಲಿ ತೀವ್ರ ಆಪ್ನಿಯಾ ಎಂದು ಬಂದಿದ್ದರೆ, 104ಕ್ಕೂ 101ಕ್ಕೂ ಈ ಜಗಳವೇ ಇರುತ್ತಿರಲಿಲ್ಲ. 35 ದಾಟಿದ್ದರೆ ಸಾಕಾಗುತ್ತಿತ್ತು. ಈಗ ಪರೀಕ್ಷೆ ಮಾಡಿಸಿದರೆ ಪ್ರಯೋಜನವಿಲ್ಲ. ತೂಕ ಇಳಿದಂತೆ ಗೊರಕೆಯೂ ಇಳಿದಿದೆ. ಸಕ್ಕರೆ ಕಾಯಿಲೆಯ ಕಥೆಯೂ ಇದೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಮಧುಮೇಹಿ, ಮಾತ್ರೆಯಲ್ಲಿದ್ದಾರೆ" ಎಂದಷ್ಟೇ ಬರೆದರೆ ಷರತ್ತಿನ "ಹತೋಟಿಗೆ ಬಾರದ" ಎಂಬ ಪದಕ್ಕೆ ಉತ್ತರ ಸಿಗುವುದಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ವರದಿ, ಏರುತ್ತ ಹೋದ ಔಷಧಿಯ ಚೀಟಿಗಳು ಅದಕ್ಕೆ ಉತ್ತರ ಹೇಳುತ್ತವೆ. ಬೊಜ್ಜಿನ ಕ್ಲೇಮು ಬಹುಪಾಲು ಗೆಲ್ಲುವುದೂ ಸೋಲುವುದೂ ಆಪರೇಷನ್ನಿಗೆ ಮುಂಚಿನ ಕಾಗದಗಳಲ್ಲಿ. ಹಣ ಕಟ್ಟಿ ಬಂದ ಮೇಲೆ ಫೈಲು ಜೋಡಿಸಲು ಕೂತರೆ ಇಲ್ಲದ ಕಾಗದವನ್ನು ಹುಟ್ಟಿಸಲಾಗದು.

ಕೆಲವರು ಅದನ್ನೂ ಹುಟ್ಟಿಸಲು ಹೋಗುತ್ತಾರೆ. ತೂಕವನ್ನು ಹೆಚ್ಚಿಗೆ ಬರೆಸುವುದಕ್ಕಿಂತ ಎತ್ತರವನ್ನು ತಗ್ಗಿಸುವುದು ಸುಲಭ ಎಂಬ ಉಪಾಯ ಹೇಳಿಕೊಡುವವರೂ ಇದ್ದಾರೆ. 95 ಕೆ.ಜಿ. ತೂಗುವವರ ಎತ್ತರ 160 ಆದರೆ ಬಿಎಂಐ 37, 154 ಎಂದು ಬರೆದರೆ 40. ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಪೋಸಲ್ ಫಾರ್ಮಿನಲ್ಲಿ ಎತ್ತರ ಇದ್ದೇ ಇರುತ್ತದೆ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ. ವಂಚನೆ ಎಂದು ಸಾಬೀತಾದರೆ ಕ್ಲೇಮಿನ ಜೊತೆ ಪಾಲಿಸಿಯೂ ಹೋಗುತ್ತದೆ.

ಅದೇ ಫಾರ್ಮಿನ ಇನ್ನೊಂದು ಖಾನೆ ತೂಕದ್ದು. ಏಜೆಂಟರು ಸ್ಕೂಟರಿನ ಸೀಟಿನ ಮೇಲಿಟ್ಟುಕೊಂಡು ತುಂಬುವಾಗ 95 ಇದ್ದದ್ದು 68 ಆಗುವುದುಂಟು. ಸಹಿ ಮಾತ್ರ ನಮ್ಮದು. ಅಲ್ಲಿಂದ ಮುಂದೆ "ಮಾಹಿತಿ ಮುಚ್ಚಿಟ್ಟಿದ್ದೀರಿ" ಎಂಬ ಉತ್ತರಕ್ಕೆ ದಾರಿ ತೆರೆದಿರುತ್ತದೆ. ಇಲ್ಲಿ ಗ್ರಾಹಕರ ಪರ ಎರಡು ಬದಲಾವಣೆ 2024ರಲ್ಲಿ ಆದವು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 48 ತಿಂಗಳಿಂದ 36ಕ್ಕೆ ಇಳಿಯಿತು. ಎಂಟು ವರ್ಷ ಇದ್ದ ಮೊರಟೋರಿಯಂ ಅವಧಿ 60 ತಿಂಗಳಾಯಿತು. ಅಷ್ಟು ಕಾಲ ಬಿಡದೆ ಪ್ರೀಮಿಯಂ ಕಟ್ಟಿದವರ ಕ್ಲೇಮನ್ನು, ವಂಚನೆ ಸಾಬೀತಾಗದ ಹೊರತು, ಮಾಹಿತಿ ಕೊಡಲಿಲ್ಲ ಎಂಬ ನೆವದಿಂದ ತಳ್ಳುವಂತಿಲ್ಲ. ಆರು ವರ್ಷದ ಪಾಲಿಸಿಯ ನಮ್ಮ ಟೀಚರಿಗೆ ಈ ಬಾಗಿಲಿನ ಭಯ ಇಲ್ಲ. ಕಳೆದ ವರ್ಷ ಪಾಲಿಸಿ ಕೊಂಡು ಈ ವರ್ಷ ಆಪರೇಷನ್ ಮಾಡಿಸಿಕೊಂಡವರಿಗೆ ಇದೆ. ಕೆಲವು ಪಾಲಿಸಿಗಳಲ್ಲಿ ಬೇರಿಯಾಟ್ರಿಕ್ ಸರ್ಜರಿಗೆಂದೇ ಬೇರೆ ಕಾಯುವ ಅವಧಿ, ಬೇರೆ ಮಿತಿ ಇರುತ್ತದೆ. ಹತ್ತು ಲಕ್ಷದ ಪಾಲಿಸಿ ಎಂದ ಮಾತ್ರಕ್ಕೆ ಇದಕ್ಕೂ ಹತ್ತು ಲಕ್ಷ ಸಿಗುತ್ತದೆ ಎಂದುಕೊಳ್ಳಬಾರದು. ಬೆಂಗಳೂರಿನ ಐಟಿ ಕಂಪನಿಗಳ ಗುಂಪು ವಿಮೆಯಲ್ಲಿ ಕಾಯುವ ಅವಧಿಯನ್ನೇ ಬಿಟ್ಟುಕೊಟ್ಟಿರುವುದುಂಟು. ಅಂಥವರು ಮೊದಲು ಹೋಗಬೇಕಾದ್ದು ತಮ್ಮ ಎಚ್‌ಆರ್ ವಿಭಾಗಕ್ಕೆ.

ಇನ್ನು ಸ್ವಂತ ಹಣ ಕಟ್ಟಿದ ವಿಷಯ. ಕ್ಯಾಶ್‌ಲೆಸ್ ಸಿಗಲಿಲ್ಲ ಎಂದರೆ ಕ್ಲೇಮೇ ಸತ್ತಿತು ಎಂದು ಎಷ್ಟೋ ಮಂದಿ ಸುಮ್ಮನಾಗಿಬಿಡುತ್ತಾರೆ. ಅದು ತಪ್ಪು. ಕ್ಯಾಶ್‌ಲೆಸ್ ನಿರಾಕರಣೆ ಎಂದರೆ "ಈಗಲೇ, ಆಸ್ಪತ್ರೆಗೇ ನೇರವಾಗಿ ಕಟ್ಟುವುದಿಲ್ಲ" ಎಂದಷ್ಟೇ ಅರ್ಥ. ಬಿಲ್ಲು ಕಟ್ಟಿ, ದಾಖಲೆ ಕೊಟ್ಟು, ಮರುಪಾವತಿ ಕೇಳುವ ದಾರಿ ಆಮೇಲೂ ತೆರೆದೇ ಇರುತ್ತದೆ. ಆದರೆ ಹಣ ಕಟ್ಟಿದ ರೀತಿ ಮುಖ್ಯ. ಒಂದು ಚಿಕಿತ್ಸೆಗೆ ಎರಡು ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ಆಸ್ಪತ್ರೆ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. "ನಗದು ಕೊಟ್ಟರೆ ಸ್ವಲ್ಪ ಕಡಿಮೆ ಮಾಡ್ತೀವಿ" ಎಂಬ ಮಾತಿಗೆ ಒಪ್ಪಿದವರ ಕೈಯಲ್ಲಿ ಕೊನೆಗೆ ಅರ್ಧ ಮೊತ್ತದ ರಸೀದಿ ಮಾತ್ರ ಉಳಿಯುತ್ತದೆ. ಬ್ಯಾಂಕಿನ ಮೂಲಕ ಕಟ್ಟಿದ್ದಕ್ಕೆ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಫೈಲಿನಲ್ಲಿ ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ಲು, ರಸೀದಿಗಳು, ಆಪರೇಷನ್ ಟಿಪ್ಪಣಿ, ಲ್ಯಾಬ್ ವರದಿ, ಔಷಧಿ ಚೀಟಿ, ಆಸ್ಪತ್ರೆ ತುಂಬಬೇಕಾದ ಕ್ಲೇಮ್ ಫಾರ್ಮಿನ ಎರಡನೇ ಭಾಗ, ರದ್ದು ಮಾಡಿದ ಚೆಕ್ಕು ಇರಬೇಕೆಂದು ಎಲ್ಲ ಏಜೆಂಟರೂ ಹೇಳುತ್ತಾರೆ. ಅವರು ಹೇಳದೆ ಬಿಡುವುದು ಹಿಂದಿನ ಎರಡು ಮೂರು ವರ್ಷದ ಕಾಗದಗಳನ್ನು. ಡಯಟಿಷಿಯನ್ ಕೊಟ್ಟ ಆಹಾರ ಪಟ್ಟಿ, ಜಿಮ್‌ನ ರಸೀದಿ, ಹಳೆಯ ಕ್ಲಿನಿಕ್ಕಿನ ಚೀಟಿಯ ಮೂಲೆಯಲ್ಲಿ ಬರೆದ ತೂಕ, ಇವೆಲ್ಲ ಸುಲಭದ ದಾರಿ ಫಲಿಸಲಿಲ್ಲ ಎಂಬುದಕ್ಕೆ ಸಾಕ್ಷಿ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದ ಮೇಲೆ ತೂಕ ಇಳಿಸುವ ಇಂಜೆಕ್ಷನ್ ಪ್ರಯತ್ನಿಸಿ ನೋಡುವವರು ಹೆಚ್ಚಿದ್ದಾರೆ. ಮನೆಯಲ್ಲೇ ಚುಚ್ಚಿಕೊಳ್ಳುವ ಆ ಇಂಜೆಕ್ಷನ್ನಿನ ಹಣ ಸಾಮಾನ್ಯ ಆಸ್ಪತ್ರೆ ವಿಮೆಯಲ್ಲಿ ಸಿಗುವುದಿಲ್ಲ, ನಿಜ. ಆದರೆ ಅದರಿಂದ ಫಲ ಕಾಣದೆ ಆಪರೇಷನ್ನಿಗೆ ಬಂದವರು ಮೆಡಿಕಲ್ ಸ್ಟೋರಿನ ಬಿಲ್ಲನ್ನು ಬಿಸಾಡಬಾರದು.

ಕ್ಲೇಮು ಒಪ್ಪಿಗೆಯಾದರೂ ಕಟ್ಟಿದಷ್ಟೂ ವಾಪಸು ಬರುವುದಿಲ್ಲ. ಇದರಲ್ಲಿ ಹೆಚ್ಚು ಪೆಟ್ಟು ಕೊಡುವುದು ಕೋಣೆಯ ಬಾಡಿಗೆ. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಯ ಮಿತಿ ಇದ್ದು 8,000ದ ಕೋಣೆ ಹಿಡಿದರೆ ಕಡಿತವಾಗುವುದು ಮೂರು ಸಾವಿರ ಮಾತ್ರವಲ್ಲ. ವೈದ್ಯರ ಫೀಸು, ಆಪರೇಷನ್ ಥಿಯೇಟರಿನ ಬಾಡಿಗೆಯಂಥ ಖರ್ಚುಗಳೂ ಎಂಟಕ್ಕೆ ಐದರ ಲೆಕ್ಕದಲ್ಲಿ ಇಳಿಯುತ್ತವೆ. ಅವು 1,60,000 ಆಗಿದ್ದರೆ ಕೈಗೆ ಬರುವುದು ಒಂದು ಲಕ್ಷ. ಔಷಧಿ, ಬಳಸಿ ಬಿಸಾಡುವ ಸಾಮಗ್ರಿ, ಇಂಪ್ಲಾಂಟ್ ಮತ್ತು ಲ್ಯಾಬ್ ಪರೀಕ್ಷೆಗಳಿಗೆ ಈ ಲೆಕ್ಕ ಹಾಕುವಂತಿಲ್ಲ ಎಂದು ಐಆರ್‌ಡಿಎಐ 2020ರಲ್ಲೇ ಹೇಳಿದೆ. ಸ್ಲೀವ್ ಸರ್ಜರಿಯಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಸಣ್ಣ ಸ್ಟೇಪಲ್‌ಗಳಿಂದ ಹೊಲಿಯುತ್ತಾರೆ. ಆ ಸ್ಟೇಪ್ಲರ್ ಕಾರ್ಟ್ರಿಜ್‌ಗಳು ಬಿಲ್ಲಿನ ಭಾರವಾದ ಸಾಲುಗಳಲ್ಲಿ ಒಂದು. ಅದರ ಮೇಲೂ ಕೋಣೆಯ ಲೆಕ್ಕ ಹಾಕಿ ಕತ್ತರಿಸಿದ್ದಾರೆಯೇ ಎಂದು ನೋಡಿಕೊಂಡರೆ ಹತ್ತಾರು ಸಾವಿರ ಉಳಿಯಬಹುದು. ಅಡ್ಮಿಟ್ ಆಗುವ ಮುಂಚಿನ 30 ಅಥವಾ 60 ದಿನದ ಪರೀಕ್ಷೆಗಳನ್ನೂ, ಬಿಡುಗಡೆಯ ನಂತರದ 60 ಅಥವಾ 90 ದಿನದ ಔಷಧಿಯನ್ನೂ ಪಾಲಿಸಿಯಲ್ಲಿ ಬರೆದಂತೆ ಕೇಳಬಹುದು.

ಈ ಅಂಕಣಕಾರನಿಗೆ ತಕರಾರಿರುವುದು ಆ 40 ಮತ್ತು 35ರ ಬಗ್ಗೆ. ಅವು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಕರೆದ ತಜ್ಞರ ಸಭೆಯ ಅಂಕಿಗಳು. ಬೇರಿಯಾಟ್ರಿಕ್ ಸರ್ಜನ್ನರ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಗಳೆರಡೂ 2022ರಲ್ಲಿ ಅದನ್ನು ಬದಿಗಿಟ್ಟು, ಬಿಎಂಐ 35 ಇದ್ದರೆ ಜೊತೆ ಕಾಯಿಲೆ ಇರಲಿ ಬಿಡಲಿ ಶಸ್ತ್ರಚಿಕಿತ್ಸೆ ಸೂಕ್ತ ಎಂದವು. ಏಷ್ಯಾದವರಿಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ 27.5ಕ್ಕೇ ಯೋಚಿಸಬಹುದು ಎಂದೂ ಸೇರಿಸಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ ಶೇ 24ರಷ್ಟು ಮಹಿಳೆಯರು ಮತ್ತು ಶೇ 22.9ರಷ್ಟು ಪುರುಷರು 25ರ ಬಿಎಂಐ ದಾಟಿದ್ದರು. 2014ರಲ್ಲಿ ಆಗಿನ ಕೇಂದ್ರ ಹಣಕಾಸು ಸಚಿವ ಅರುಣ್ ಜೇಟ್ಲಿ ದೆಹಲಿಯಲ್ಲಿ ಈ ಆಪರೇಷನ್ ಮಾಡಿಸಿಕೊಂಡಾಗ, ಬಹುಕಾಲದ ಸಕ್ಕರೆ ಕಾಯಿಲೆಯ ಹಿನ್ನೆಲೆಯೇ ಸುದ್ದಿಯಲ್ಲಿತ್ತು. ಅವರು ಅಂದ ಹೆಚ್ಚಿಸಿಕೊಳ್ಳಲು ಹೋಗಿದ್ದರೆಂದು ಯಾರೂ ಹೇಳಲಿಲ್ಲ. ಮೂರು ದಶಕ ಹಿಂದಿನ ಪರದೇಶದ ಅಳತೆಗೋಲಿನಲ್ಲಿ ಇಲ್ಲಿನ ದೇಹಗಳನ್ನು ಅಳೆಯುವುದನ್ನು ಪ್ರಾಧಿಕಾರ ಮರುಪರಿಶೀಲಿಸಬೇಕು. ಹಾಗೆಂದು ಬಿಎಂಐ 32 ಇರುವವರು ಇವತ್ತು ಆ ಮಾರ್ಗಸೂಚಿ ಹಿಡಿದು ಹೋದರೆ ಹಣ ಬರುತ್ತದೆ ಎಂದು ಹೇಳಲಾಗದು. ಪಾಲಿಸಿ ಒಪ್ಪಂದದಲ್ಲಿ ಬರೆದ ಅಂಕಿಯೇ ಸದ್ಯಕ್ಕೆ ಅಂತಿಮ.

ಟೀಚರ ಪ್ರಕರಣದಲ್ಲಿ ಮಾತ್ರ ವಾದಕ್ಕೆ ಜಾಗವಿದೆ. ಬಿಎಂಐ ಎಷ್ಟಿರಬೇಕು ಎಂದು ಷರತ್ತು ಹೇಳುತ್ತದೆ, ಯಾವ ದಿನದ್ದು ಎಂದು ಹೇಳುವುದಿಲ್ಲ. ಪಥ್ಯ ಆಪರೇಷನ್ನಿನ ಸಿದ್ಧತೆಯ ಭಾಗ, ಹಾಗಾಗಿ ಶಸ್ತ್ರಚಿಕಿತ್ಸೆ ಬೇಕೆಂದು ತೀರ್ಮಾನಿಸಿದ ದಿನದ 104 ಕೆ.ಜಿ.ಯೇ ಲೆಕ್ಕಕ್ಕೆ ಬರಬೇಕು ಎಂದು ಸರ್ಜನ್ ಒಂದು ಪತ್ರ ಬರೆದುಕೊಟ್ಟು, ಆ ದಿನದ ಹೊರರೋಗಿ ಚೀಟಿಯನ್ನು ಅದಕ್ಕೆ ಲಗತ್ತಿಸಿದರೆ ಫೈಲಿನ ಮುಖವೇ ಬದಲಾಗುತ್ತದೆ. ಒಪ್ಪಂದದ ಮಾತು ಅಸ್ಪಷ್ಟವಾಗಿದ್ದರೆ ಅದನ್ನು ಬರೆದವರ ವಿರುದ್ಧವೇ ಅರ್ಥೈಸಬೇಕು ಎಂಬುದು ವಿಮಾ ಕಾನೂನಿನ ಹಳೆಯ ಸೂತ್ರ. ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ 2021ರ ಡಿಸೆಂಬರ್‌ನಲ್ಲಿ ಬರೆದ ತೀರ್ಪಿನಲ್ಲೂ ಅದರ ಚರ್ಚೆ ಇದೆ. ಪ್ರವಾಸ ವಿಮೆ ಮಾಡಿಸಿಕೊಂಡು ಅಮೆರಿಕಕ್ಕೆ ಹೋಗಿ ಅಲ್ಲಿ ಹೃದಯಾಘಾತಕ್ಕೆ ಸಿಕ್ಕಿದ ಮಧುಮೇಹಿಯೊಬ್ಬರಿಗೆ, ಹಿಂದಿನ ಕಾಯಿಲೆಯ ನೆವ ಹೇಳಿ ವಿಮಾ ಕಂಪನಿ ಹಣ ನಿರಾಕರಿಸಿತ್ತು. ಮಧುಮೇಹ ಇದೆ ಎಂದು ಅವರು ಮೊದಲೇ ತಿಳಿಸಿದ್ದರು, ಅದನ್ನು ತಿಳಿದೇ ಪಾಲಿಸಿ ಕೊಟ್ಟ ಕಂಪನಿ ಆಮೇಲೆ ನುಣುಚಿಕೊಳ್ಳುವಂತಿಲ್ಲ ಎಂದು ಕೋರ್ಟು ಹೇಳಿತು.

ನಿರಾಕರಣೆಯ ಪತ್ರವನ್ನು ಸಿಟ್ಟಿನಲ್ಲಿ ಹರಿದು ಹಾಕುವವರಿಗೆ ಇನ್ನೊಂದು ತೀರ್ಪು ಗೊತ್ತಿರಬೇಕು. ಆ ಪತ್ರದಲ್ಲಿ ಬರೆಯದ ಹೊಸ ಕಾರಣವನ್ನು ಕಂಪನಿ ಆಮೇಲೆ ನ್ಯಾಯಾಲಯದಲ್ಲಿ ಎತ್ತುವಂತಿಲ್ಲ ಎಂದು ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಂದರೆ ಟೀಚರ ಪತ್ರದಲ್ಲಿ ಬಿಎಂಐ ಒಂದೇ ಕಾರಣವಾಗಿದ್ದರೆ, ಅವರು ಉತ್ತರಿಸಬೇಕಾದ್ದೂ ಅದೊಂದಕ್ಕೇ. ಕಂಪನಿಯ ಕ್ಲೇಮು ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದು ಎಂದು ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ವಿಧಿಸಿದೆ. ಸಮಿತಿ ನೋಡಿತೇ ಎಂದು ಲಿಖಿತವಾಗಿ ಕೇಳಬಹುದು. ಕಾಗದ ಕೊಡುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಬಾರದು ಎಂಬ ಸೂಚನೆಯಂತೂ 2011ರಿಂದಲೇ ಇದೆ.

ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಕಾಣದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಸೇರಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ಕೇಳುತ್ತಾರೆ. ತೀರ್ಪು ಕಂಪನಿಯ ಪರ ಬಂದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಆದರೆ ಎರಡೂ ಕಡೆ ಒಟ್ಟಿಗೆ ಅರ್ಜಿ ಹಾಕುವಂತಿಲ್ಲ. ಹಾಸನದವರು ಹಾಸನದ ಜಿಲ್ಲಾ ಆಯೋಗಕ್ಕೇ ಹೋಗಬಹುದು.

ಆಪರೇಷನ್ನಿಗೆ ಇನ್ನೂ ದಿನ ಗೊತ್ತುಮಾಡುತ್ತಿರುವವರು ಎರಡು ಕೆಲಸ ಈ ವಾರವೇ ಮಾಡಿ. ಗೊರಕೆ ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ. ಪಥ್ಯಕ್ಕೆ ಮುಂಚಿನ ತೂಕ ಮತ್ತು ಅಡ್ಮಿಟ್ ಆದ ದಿನದ ತೂಕ, ಎರಡನ್ನೂ ದಿನಾಂಕ ಸಮೇತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದುಕೊಡಿ ಎಂದು ಸರ್ಜನ್ನರನ್ನು ಈಗಲೇ ಕೇಳಿ. ಆಪರೇಷನ್ ಆಗಿ, ಕ್ಲೇಮು ತಿರಸ್ಕೃತವಾಗಿ, ಪತ್ರವನ್ನು ಬೀರುವಿನಲ್ಲಿ ಇಟ್ಟಿರುವವರು ಅದನ್ನು ಹೊರತೆಗೆದು ಮೇಲಿನ ತಾರೀಕು ನೋಡಿ. ಕಂಪನಿಯ ಅಂತಿಮ ಉತ್ತರದಿಂದ ಲೆಕ್ಕ ಹಾಕಿದರೆ ಒಂಬುಡ್ಸ್‌ಮನ್ ಬಳಿ ಹೋಗಲು ಇರುವುದು ಒಂದು ವರ್ಷ, ಗ್ರಾಹಕರ ಆಯೋಗಕ್ಕೆ ಎರಡು ವರ್ಷ.